ರಾತ್ರಿ ಎರಡು ಗಂಟೆಗೆ ಯಾರಿರ್ತಾರೆ?

ನಮ್ಮ ಹೊಳೆಹೊನ್ನೂರಿನಲ್ಲಿ ಯಾರ ಮನೆಗಾದರೂ ಬಸುರಿ ಮಗಳು ಬಂದಿದ್ದಾಳೆ ಎಂದು ಗೊತ್ತಾದರೆ ಸಾಕು, ಊರಿಗೆ ಊರೇ ಡಾಕ್ಟರ ಹೆಸರು ಹೇಳಲು ಶುರುಮಾಡುತ್ತದೆ. ಹಾಲಿನವನು ಒಂದು ಹೆಸರು ಹೇಳಿದ. ಕಿರಾಣಿ ಅಂಗಡಿಯವರು ಇನ್ನೊಂದು ಹೇಳಿದರು. ಬಸ್ ನಿಲ್ದಾಣದ ಹತ್ತಿರ ಸಿಕ್ಕ ನನ್ನ ಕೌಂಟರಿನ ಕಾಲದ ಗ್ರಾಹಕರೊಬ್ಬರು, ಅಡಿಕೆ ವ್ಯಾಪಾರದವರು, ಫೋನ್ ನಂಬರನ್ನೇ ಬರೆಸಿದರು. ಎಲ್ಲರೂ ಕೊಟ್ಟ ಕಾರಣ ಒಂದೇ: "ಅವರ ಕೈಗುಣ ಚೆನ್ನಾಗಿದೆ ಸಾರ್."

ಕೈಗುಣವನ್ನು ನಾನು ಅಲ್ಲಗಳೆಯುವವನಲ್ಲ. ನಾನು ಹುಟ್ಟಿದ್ದೇ ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಒಬ್ಬ ಸೂಲಗಿತ್ತಿಯ ಕೈಗುಣದಿಂದ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನನಗೆ ನಮ್ಮ ಬೀದಿಯ ಆ ಮುದುಕಿಗೇ ಬಂದಷ್ಟು ಸಂತೋಷವಾಗಿತ್ತು. ಆದರೆ ನಮ್ಮ ಮಗಳದು ಎರಡನೆಯ ಹೆರಿಗೆ. ಮೊದಲನೆಯದು ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿ, ಸಿಸೇರಿಯನ್. ಗರ್ಭಕೋಶದ ಮೇಲೆ ಹಳೆಯ ಹೊಲಿಗೆ ಇರುವವಳಿಗೆ ಕೈಗುಣದ ಜೊತೆಗೆ ಇನ್ನೂ ಕೆಲವು ಬೇಕಾಗುತ್ತವೆ. ಅವನ್ನು ಹುಡುಕಿಕೊಂಡು ಭದ್ರಾವತಿ, ಶಿವಮೊಗ್ಗ ಸುತ್ತಿದ ಎರಡು ತಿಂಗಳ ವಿಚಾರವೇ ಈ ವಾರದ ಅಂಕಣ. ಕಳೆದ ವಾರದ ಚೀಟಿ ವ್ಯವಹಾರದ ಬರಹಕ್ಕೆ ಬಂದ ಪತ್ರಗಳಿಗೆ ಮುಂದಿನ ವಾರ ಉತ್ತರ ಬರೆಯುತ್ತೇನೆ.

ಪದ್ಧತಿಯ ಪ್ರಕಾರ ಚೊಚ್ಚಲು ತವರಿನದು, ಎರಡನೆಯದು ಗಂಡನ ಮನೆಯದು. ನಮ್ಮಲ್ಲಿ ಅದು ತಿರುವುಮುರುವಾಯಿತು. ಮೊದಲನೆಯ ಸಲ ಅವಳು ಕೆಲಸ ಬಿಟ್ಟು ಬರಲಾಗದೆ ಬೆಂಗಳೂರಿನಲ್ಲೇ ಉಳಿದಳು. ಈ ಸಲ ಅಳಿಯಂದಿರನ್ನು ಕಂಪನಿಯವರು ಆರು ತಿಂಗಳು ಹೊರದೇಶಕ್ಕೆ ಕಳಿಸಿದರು, ದಾವಣಗೆರೆಯಲ್ಲಿರುವ ಬೀಗಿತ್ತಿಯವರಿಗೆ ಮಂಡಿ ಆಪರೇಷನ್ ಆಗಿತ್ತು. ಹೀಗಾಗಿ ಏಳನೇ ತಿಂಗಳಲ್ಲಿ ಮಗಳು ನಾಲ್ಕು ವರ್ಷದ ಮೊಮ್ಮಗಳ ಕೈ ಹಿಡಿದುಕೊಂಡು ಇಲ್ಲಿಗೆ ಬಂದಳು.

ಬಂದ ಮಾರನೆಯ ದಿನವೇ ಬೀಗರ ಫೋನು. "ಹೇಗೂ ಆಪರೇಷನ್ನೇ ಅಲ್ವೇ ಬೀಗರೇ, ಒಳ್ಳೆ ನಕ್ಷತ್ರ ನೋಡಿ ದಿನ ಇಡ್ಸಿಬಿಡೋಣ. ನಮ್ಮ ಪುರೋಹಿತರನ್ನ ಕೇಳ್ತೀನಿ" ಎಂದರು. ನನ್ನಾಕೆಗೂ ಅದು ಸರಿ ಅನ್ನಿಸಿತು. ಒಮ್ಮೆ ಕೊಯ್ದರೆ ಮತ್ತೆ ಕೊಯ್ಯಲೇಬೇಕು ಎಂಬುದು ನಮ್ಮ ಕಡೆ ಎಲ್ಲರ ನಂಬಿಕೆ. ಮಗಳು ಮಾತ್ರ ಒಪ್ಪಲಿಲ್ಲ. "ಅಪ್ಪಾ, ಆಗೋದಾದ್ರೆ ನಾರ್ಮಲ್‌ಗೆ ಪ್ರಯತ್ನ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಆಪರೇಷನ್ ಇದ್ದೇ ಇದೆಯಲ್ಲ" ಎಂದಳು. ಇವಳ ಹಟಕ್ಕೆ ಕಾರಣವಿತ್ತು. ಹೋದ ಸಲ ಹೊಲಿಗೆಯ ನೋವಿನಲ್ಲಿ ಆರು ವಾರ ಅವಳು ಬಗ್ಗಿ ಮಗುವನ್ನು ಎತ್ತಿಕೊಳ್ಳಲು ಪಟ್ಟ ಪಾಡು ಅವಳಿಗೇ ಗೊತ್ತು. ಈ ಸಲ ಮನೆಯಲ್ಲಿ ಓಡಾಡುವ ಇನ್ನೊಂದು ಮಗು ಬೇರೆ ಇದೆ.

ಆ ನಂಬಿಕೆಯ ಮೂಲ ಹುಡುಕಿದರೆ ಅದು ನಮ್ಮ ದೇಶದ್ದೂ ಅಲ್ಲ. 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಎಂಬ ಡಾಕ್ಟರು ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್ ಎಂಬ ಅರ್ಥದಲ್ಲಿ ಬರೆದದ್ದು. ಅವರು ಹಾಗೆ ಬರೆದದ್ದು, ವಿನಾಕಾರಣ ಮೊದಲನೆಯ ಆಪರೇಷನ್ನನ್ನೇ ಮಾಡಬೇಡಿ ಎಂದು ಎಚ್ಚರಿಸಲು. ಆಗ ಗರ್ಭಕೋಶವನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಕೊಯ್ಯುತ್ತಿದ್ದರು. ಆ ಹೊಲಿಗೆ ಮುಂದಿನ ಹೆರಿಗೆ ನೋವಿನಲ್ಲಿ ಬಿಚ್ಚಿಕೊಳ್ಳುವ ಭಯ ಜಾಸ್ತಿ. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಎಂಬವರು ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ಯುವ ಕ್ರಮವನ್ನು ರೂಢಿಗೆ ತಂದರು. ಈಗ ಬಹುಪಾಲು ಆಗುವುದು ಅದೇ. ಕೊಯ್ಯುವ ಕ್ರಮ ಬದಲಾಗಿ ನೂರು ವರ್ಷವಾಗುತ್ತ ಬಂತು, ಗಾದೆ ಹಾಗೇ ಉಳಿದಿದೆ. ಅಡ್ಡ ಹೊಲಿಗೆ ಒಂದೇ ಇದ್ದು, ಬೇರೆ ತೊಂದರೆ ಇಲ್ಲದವರು ಪ್ರಯತ್ನಿಸಿದರೆ 100ರಲ್ಲಿ 60ರಿಂದ 80 ಜನಕ್ಕೆ ಸಹಜ ಹೆರಿಗೆ ಆಗುತ್ತದೆ. ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ.

200ರಲ್ಲಿ ಒಬ್ಬರು ಎಂದರೆ ಸಣ್ಣ ಸಂಖ್ಯೆಯೇ. ಆದರೆ ಆ ಒಬ್ಬಳಿಗೆ ಆದಾಗ ತಾಯಿ, ಮಗು ಇಬ್ಬರಿಗೂ ನಿಮಿಷಗಳ ಲೆಕ್ಕ. ಆಸ್ಪತ್ರೆ ಆರಿಸುವ ವಿಚಾರ ಇಲ್ಲಿಂದಲೇ ಶುರುವಾಗುವುದು.

ಬ್ಯಾಂಕಿನಲ್ಲಿ ಕ್ಯಾಷ್ ಸೇಫಿಗೆ ಎರಡು ಬೀಗದಕೈ ಇರುತ್ತವೆ. ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ ಹತ್ತಿರ. ಇಬ್ಬರಲ್ಲಿ ಒಬ್ಬರು ಬಾರದಿದ್ದರೆ ಸೇಫು ತೆರೆಯದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಮಳೆಗೆ ರಸ್ತೆ ಮುಳುಗಿ ಹೆಡ್ ಕ್ಯಾಷಿಯರು ಬರಲಾಗದೆ ಮಧ್ಯಾಹ್ನದವರೆಗೆ ಗ್ರಾಹಕರನ್ನು ಬೆಂಚಿನ ಮೇಲೆ ಕೂರಿಸಿದ್ದೆವು. ಸಿಸೇರಿಯನ್ನೂ ಹಾಗೆಯೇ. ಹೆರಿಗೆ ಡಾಕ್ಟರ ಹತ್ತಿರ ಒಂದು ಬೀಗದಕೈ, ಅರಿವಳಿಕೆ ಕೊಡುವ ಡಾಕ್ಟರ ಹತ್ತಿರ ಇನ್ನೊಂದು. ಹೆಸರುವಾಸಿ ಲೇಡಿ ಡಾಕ್ಟರು ಎದುರಿಗೇ ಇದ್ದರೂ ಅರಿವಳಿಕೆಯವರು ಬರುವವರೆಗೆ ಏನೂ ಮಾಡುವ ಹಾಗಿಲ್ಲ. ಸಣ್ಣ ಊರುಗಳಲ್ಲಿ ಒಬ್ಬರೇ ಅರಿವಳಿಕೆ ತಜ್ಞರು ನಾಲ್ಕಾರು ನರ್ಸಿಂಗ್ ಹೋಮುಗಳಿಗೆ ಓಡಾಡುವುದು ಉಂಟು. ಅದು ಅವರ ತಪ್ಪಲ್ಲ, ಆದರೆ ನಮಗೆ ಗೊತ್ತಿರಬೇಕು.

ಸೇಫಿನ ಒಳಗೆ ದುಡ್ಡಿರಬೇಕಲ್ಲ, ಹಾಗೆ ಆಸ್ಪತ್ರೆಯಲ್ಲಿ ರಕ್ತ ಸಿಗಬೇಕು, ಹುಟ್ಟಿದ ಮಗುವನ್ನು ನೋಡುವ ಮಕ್ಕಳ ಡಾಕ್ಟರೂ ಇರಬೇಕು.

ಡಾಕ್ಟರುಗಳ ಬಾಗಿಲಿಗೆ ಹೋಗುವ ಮೊದಲು ನಾನು ಮಗಳಿಗೆ ಹೇಳಿದ ಮೊದಲ ಕೆಲಸ, "ಹಳೇ ಫೈಲು ತೆಗಿ" ಅಂತ. ಆಭರಣದ ಸಾಲ ಕೊಡುವಾಗ ಹಳೆಯ ರಸೀದಿ ನೋಡಿಯೇ ಮುಂದುವರಿಯುತ್ತಿದ್ದ ಅಭ್ಯಾಸ ಇದು. ಡಿಸ್ಚಾರ್ಜ್ ಸಮ್ಮರಿ ಇತ್ತು. ಅದರಲ್ಲಿ ಮೂರು ವಿಷಯ ಸಿಕ್ಕಿದವು. ಯಾಕೆ ಆಪರೇಷನ್ ಮಾಡಿದರು ಎಂಬುದು: ಮಗು ಕೊನೆಯವರೆಗೂ ತಲೆ ಕೆಳಗೆ ಮಾಡದೆ ಕುಂಡೆ ಕೆಳಗಾಗಿ ಕೂತಿತ್ತು. ಎಲ್ಲಿ ಕೊಯ್ದರು ಎಂಬುದು: ಕೆಳಭಾಗದಲ್ಲಿ, ಅಡ್ಡಕ್ಕೆ. ಮತ್ತು ಅವಳ ರಕ್ತದ ಗುಂಪು. ಮೊದಲನೆಯದು ಮುಖ್ಯ, ಮಗು ತಿರುಗದೇ ಇದ್ದದ್ದು ಆ ಸಲದ ಕಾರಣ, ಈ ಸಲವೂ ಹಾಗೇ ಆಗಬೇಕೆಂದಿಲ್ಲ. ಆಪರೇಷನ್ ಮಾಡಿದವರು ಬರೆದಿಡುವ ಪೂರ್ತಿ ಟಿಪ್ಪಣಿ ಮಾತ್ರ ನಮ್ಮಲ್ಲಿರಲಿಲ್ಲ. ಆ ಆಸ್ಪತ್ರೆಗೆ ಫೋನ್ ಮಾಡಿದರೆ ಅಷ್ಟು ಹಳೆಯ ಕಾಗದ ಈಗಿಲ್ಲ ಎಂದರು. ನಿಯಮ ತೆಗೆದು ನೋಡಿದೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಇಟ್ಟುಕೊಳ್ಳಬೇಕಾದ ಅವಧಿ 3 ವರ್ಷ. ನಮ್ಮದು ನಾಲ್ಕಾಗಿತ್ತು. ಮೊದಲ ಮಗು ಈಗಷ್ಟೇ ಆಗಿರುವ ಮನೆಯವರು ಇದನ್ನು ಓದುತ್ತಿದ್ದರೆ ಇವತ್ತೇ ಹೋಗಿ ಆ ಕಾಗದದ ಪ್ರತಿ ತೆಗೆದಿಟ್ಟುಕೊಳ್ಳಿ.

ರಕ್ತದ ಗುಂಪಿನ ಬಗ್ಗೆ ಒಂದು ಮಾತು. ನಮ್ಮ ಮಗಳದು ಪಾಸಿಟಿವ್, ಚಿಂತೆಯಿರಲಿಲ್ಲ. ತಾಯಿಯದು ನೆಗೆಟಿವ್ ಆಗಿದ್ದು ಮೊದಲ ಮಗುವಿನದು ಪಾಸಿಟಿವ್ ಆಗಿದ್ದರೆ, ತೊಂದರೆ ಕಾಣಿಸುವುದು ಸಾಮಾನ್ಯವಾಗಿ ಎರಡನೆಯ ಮಗುವಿಗೆ. ತಾಯಿಯ ರಕ್ತ ಮಗುವಿನ ರಕ್ತವನ್ನು ಪರಕೀಯವೆಂದು ತಿಳಿದು ಅದರ ಮೇಲೆ ಹೋರಾಡಲು ಹೊರಡುತ್ತದೆ. ಅದಕ್ಕೇ ಆಂಟಿ-ಡಿ ಎಂಬ ಚುಚ್ಚುಮದ್ದು ಇದೆ: ಸುಮಾರು 28ನೇ ವಾರದಲ್ಲಿ ಒಮ್ಮೆ, ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಇನ್ನೊಮ್ಮೆ. ಹೋದ ಸಲ ಅದನ್ನು ಕೊಟ್ಟಿದ್ದರೇ ಎಂಬುದನ್ನು ಹೊಸ ಡಾಕ್ಟರಿಗೆ ಹೇಳುವವರು ನಾವೇ.

ಫೈಲು ಹಿಡಿದು ಮೊದಲು ಹೋದದ್ದು ಭದ್ರಾವತಿಗೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಗಿಜಿಗುಡುತ್ತಿದ್ದ ಕಾಲದಲ್ಲಿ ಆ ಊರಿನ ಗತ್ತೇ ಬೇರೆಯಿತ್ತು. ಕಾರ್ಖಾನೆಯ ಸೈರನ್ನಿಗೆ ನಾವು ವಾಚು ಸರಿಮಾಡಿಕೊಳ್ಳುತ್ತಿದ್ದೆವು. ಅಲ್ಲಿನ ಒಬ್ಬ ಹಿರಿಯ ಡಾಕ್ಟರಮ್ಮನ ನರ್ಸಿಂಗ್ ಹೋಮು. ನಮ್ಮ ಬಳಗದಲ್ಲೇ ಹತ್ತಾರು ಮಕ್ಕಳು ಅವರ ಕೈಯಲ್ಲಿ ಹುಟ್ಟಿವೆ. ಮಗಳ ತಲೆ ನೇವರಿಸಿ ಮಾತಾಡಿಸಿದರು. ನಾನು ಕೇಳಿದೆ, "ಮೇಡಂ, ರಾತ್ರಿ ಎರಡು ಗಂಟೆಗೆ ಏನಾದ್ರೂ ಆದ್ರೆ ಇಲ್ಲಿ ಯಾರಿರ್ತಾರೆ?" ಅವರು ಮುಚ್ಚುಮರೆ ಮಾಡಲಿಲ್ಲ. "ನಾನು ಮೇಲೇ ಇರ್ತೀನಿ, ಇದೇ ಮನೆ. ಅನಸ್ತೇಷಿಯಾದವರು ಶಿವಮೊಗ್ಗದಿಂದ ಬರ್ಬೇಕು. ಹಳೇ ಹೊಲಿಗೆ ಇರೋಳಿಗೆ ಇಲ್ಲಿ ನೋವು ತಿನ್ನಿಸೋ ಧೈರ್ಯ ನಾನು ಮಾಡಲ್ಲ ಯಜಮಾನ್ರೇ. ದಿನ ಗೊತ್ತುಮಾಡಿ ಆಪರೇಷನ್ ಆದ್ರೆ ಮಾಡಿಕೊಡ್ತೀನಿ" ಎಂದರು. ಅಂಥ ಮಾತು ಹೇಳುವವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಬರುವಾಗ ನನ್ನಾಕೆ, "ಎಷ್ಟು ಒಳ್ಳೆಯವರು, ಇಲ್ಲೇ ಮಾಡ್ಸೋಣ ರೀ" ಎಂದಳು. ಒಳ್ಳೆಯವರು ಹೌದು. ಒಳ್ಳೆಯವರೇ ಇಲ್ಲಿ ಬೇಡ ಎಂದಿದ್ದರಲ್ಲ.

ಎರಡನೆಯದು ಶಿವಮೊಗ್ಗದಲ್ಲಿ. ದುರ್ಗಿಗುಡಿ, ತಿಲಕನಗರದ ಬೀದಿಗಳಲ್ಲಿ ನಡೆದರೆ ಡಾಕ್ಟರ ಬೋರ್ಡುಗಳ ನೆರಳಿನಲ್ಲೇ ಒಂದು ಮೈಲಿ ಹೋಗಬಹುದು. ನಾವು ಹೋದದ್ದು ಹೊಸ ಕಟ್ಟಡದ ಆಸ್ಪತ್ರೆ, ಹೆಸರು ಬೇಡ. ಎರಡು ಗಂಟೆ ಕಾಯಿಸಿ, ನಾಲ್ಕು ನಿಮಿಷ ನೋಡಿದರು. ಫೈಲು ತೆರೆಯಲೇ ಇಲ್ಲ. "ಪ್ರೀವಿಯಸ್ ಸಿಸೇರಿಯನ್ ಅಲ್ವಾ? 38 ವಾರಕ್ಕೆ ಡೇಟ್ ಕೊಡ್ತೀನಿ, ಮುಹೂರ್ತ ಇದ್ರೆ ಹೇಳಿ" ಎಂದು ಕ್ಯಾಲೆಂಡರ್ ಎಳೆದುಕೊಂಡರು. ಮುಹೂರ್ತದ ಮಾತು ಡಾಕ್ಟರ ಬಾಯಲ್ಲೇ ಕೇಳಿ ಬೀಗರಿಗೆ ಫೋನು ಮಾಡಿದ್ದರೆ ಖುಷಿಪಡುತ್ತಿದ್ದರು. ಆದರೆ ಬೇರೆ ವೈದ್ಯಕೀಯ ಕಾರಣ ಇಲ್ಲದಿದ್ದರೆ 39 ವಾರ ತುಂಬುವ ಮೊದಲು ಕೊಯ್ಯಬಾರದು, ಬೇಗ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಆಗಬಹುದು. ನಕ್ಷತ್ರ ಒಳ್ಳೆಯದಿದ್ದು ಮಗು ಗಾಜಿನ ಪೆಟ್ಟಿಗೆಯಲ್ಲಿದ್ದರೆ ಜಾತಕ ಏನು ಮಾಡೀತು?

ಎಲ್ಲ ಖಾಸಗಿಯವರೂ ದುಡ್ಡಿಗಾಗಿ ಕೊಯ್ಯುತ್ತಾರೆ ಎಂದು ನಾನು ಹೇಳುವುದಿಲ್ಲ. ತೊಡಕಿನ ಕೇಸು, ವಯಸ್ಸು, ನೋವಿನ ಭಯ, ಮನೆಯವರ ಒತ್ತಾಯ, ಕೋರ್ಟಿನ ಹೆದರಿಕೆ ಎಲ್ಲ ಸೇರಿರುತ್ತವೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ನೋಡಿ: ದೇಶದಲ್ಲಿ ಸರ್ಕಾರಿ ಆಸ್ಪತ್ರೆಯ 100 ಹೆರಿಗೆಗಳಲ್ಲಿ ಸುಮಾರು 14 ಸಿಸೇರಿಯನ್, ಖಾಸಗಿಯಲ್ಲಿ ಸುಮಾರು 47. ಲೆಕ್ಕ ಬರೆದು ಬದುಕಿದವನಿಗೆ ಇಷ್ಟು ದೊಡ್ಡ ವ್ಯತ್ಯಾಸ ಕಂಡರೆ ಓಚರು ಕೇಳುವ ಮನಸ್ಸಾಗುತ್ತದೆ. ಕೇಳಬಹುದು ಕೂಡ. "ನಿಮ್ಮಲ್ಲಿ ಹಳೆಯ ಸಿಸೇರಿಯನ್ ಆದವರಲ್ಲಿ ಎಷ್ಟು ಜನ ಪ್ರಯತ್ನ ಮಾಡ್ತಾರೆ, ಎಷ್ಟು ಜನಕ್ಕೆ ನಾರ್ಮಲ್ ಆಗುತ್ತೆ?" ಎಂದು ಕೇಳಿದಾಗ ಡಾಕ್ಟರ ಮುಖ ಗಂಟಾದರೆ ಅದೂ ಒಂದು ಉತ್ತರ.

ಮೂರನೆಯ ಡಾಕ್ಟರಮ್ಮ ಶಿವಮೊಗ್ಗದವರೇ, ನಲವತ್ತರ ಆಸುಪಾಸಿನವರು. ಮಾತು ಕಮ್ಮಿ, ಸಲುಗೆ ಇನ್ನೂ ಕಮ್ಮಿ. ಆದರೆ ಫೈಲು ತೆಗೆದುಕೊಂಡವರು ಮೊದಲ ಹಾಳೆಯಿಂದ ಕೊನೆಯವರೆಗೆ ಓದಿದರು. ನಾವು ಮೂವರೂ ಅವರು ಹಾಳೆ ತಿರುಗಿಸುವ ಸದ್ದು ಕೇಳುತ್ತ ಕೂತಿದ್ದೆವು. ಆಮೇಲೆ ಮಗಳಿಗೇ ನೇರವಾಗಿ ಹೇಳಿದರು, "ಪ್ರಯತ್ನ ಮಾಡ್ಬಹುದು. ಮೊದಲು ಸ್ಕ್ಯಾನಲ್ಲಿ ಮಾಸು ಎಲ್ಲಿ ಕೂತಿದೆ ನೋಡ್ಬೇಕು. ಹಳೇ ಹೊಲಿಗೆ ಮೇಲೆ ಕೂತಿದ್ರೆ ಪ್ರಯತ್ನದ ಮಾತೇ ಇಲ್ಲ. ನೋವು ಶುರುವಾದ್ರೆ ಮನೇಲಿ ಕಾಯೋ ಹಾಗಿಲ್ಲ, ಬಂದುಬಿಡ್ಬೇಕು. ಇಲ್ಲಿ ಮಗು ಎದೆಬಡಿತ ನೋಡ್ತಾನೇ ಇರ್ತೀವಿ. ನಾನು ಸಾಕು ಅಂದಾಗ ನೀವು ಇನ್ನೊಂದ್ ಸ್ವಲ್ಪ ನೋಡಣ ಅನ್ಬಾರ್ದು." ಮಗಳು ತಲೆಯಾಡಿಸಿದಳು. ನಾನು ನನ್ನ ಪ್ರಶ್ನೆ ಕೇಳಿದೆ. ಅರಿವಳಿಕೆಯವರು ರಾತ್ರಿಯೂ ಆಸ್ಪತ್ರೆಯಲ್ಲೇ ಇರುತ್ತಾರೆ, ಇಬ್ಬರು ಪಾಳಿಯಲ್ಲಿ. ರಕ್ತ ಮೊದಲೇ ಹೊಂದಿಸಿ ಇಡುತ್ತಾರೆ. ಮಕ್ಕಳ ಘಟಕ ಅದೇ ಮಹಡಿಯಲ್ಲಿ. ತಾವು ಊರಲ್ಲಿಲ್ಲದಿದ್ದರೆ ನೋಡುವ ಇನ್ನೊಬ್ಬ ಡಾಕ್ಟರನ್ನು ಕರೆದು ಅಲ್ಲೇ ಪರಿಚಯ ಮಾಡಿಸಿದರು. ಇದನ್ನು ಬೇರೆ ಯಾರೂ ಮಾಡಿರಲಿಲ್ಲ.

"ಎರಡನೇದು ಬೇಗ ಆಗುತ್ತೆ ಅಂತಾರಲ್ಲ ಡಾಕ್ಟ್ರೇ?" ಎಂದು ನನ್ನಾಕೆ ಕೇಳಿದಳು. "ಮೊದಲನೇದು ನಾರ್ಮಲ್ ಆಗಿದ್ರೆ ಹೌದಮ್ಮ. ಇವ್ರಿಗೆ ಹೋದ್ಸಲ ನೋವೇ ಬಂದಿಲ್ಲ. ನೋವಿನ ಲೆಕ್ಕದಲ್ಲಿ ಇದೇ ಮೊದಲನೇದು" ಎಂದರು. ಮೊದಲನೆಯದು ಸಹಜವಾಗಿ ಆಗಿರುವವರು ಇದನ್ನು ಉಲ್ಟಾ ಓದಿಕೊಳ್ಳಬೇಕು: ಅವರಿಗೆ ದೂರದ ಆಸ್ಪತ್ರೆ ಎಷ್ಟು ಚೆನ್ನಾಗಿದ್ದರೂ ದಾರಿಯ ಲೆಕ್ಕ ಮುಖ್ಯ.

ದಾರಿಯ ಲೆಕ್ಕ ನಾನೂ ಹಾಕಿದೆ. ನಮ್ಮ ಬೀದಿಯ ಕಾರಿನ ಹುಡುಗನಿಗೆ ಹೇಳಿ, ಹಗಲು ಒಮ್ಮೆ, ರಾತ್ರಿ ಹನ್ನೊಂದರ ಮೇಲೆ ಒಮ್ಮೆ, ಭದ್ರಾ ಸೇತುವೆ ದಾಟಿ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಬಂದೆ. ಹಗಲು 48 ನಿಮಿಷ, ರಾತ್ರಿ 34. ರಾತ್ರಿ ಯಾವ ಗೇಟು ತೆರೆದಿರುತ್ತದೆ ಎಂಬುದೂ ಗೊತ್ತಾಯಿತು, ಮುಂದಿನದಲ್ಲ, ಪಕ್ಕದ್ದು. ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ ಬಿಡಿ. ಅವನ ಗಾಡಿ ಸಿಗದಿದ್ದರೆ 108 ಇದ್ದೇ ಇದೆ.

ಇನ್ನು ದುಡ್ಡು. ಪ್ಯಾಕೇಜ್ ಎಂಬ ಶಬ್ದ ಕೇಳಿದರೆ ನನಗೆ ಸಣ್ಣಕ್ಷರದ ಷರತ್ತುಗಳೇ ಕಣ್ಣಿಗೆ ಬರುತ್ತವೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರ ಕಾಯ್ದೆ ಇದೆ. ನೋಂದಣಿ ಪತ್ರ, ದರಪಟ್ಟಿ ಜನಕ್ಕೆ ಕಾಣುವಂತೆ ಹಾಕಬೇಕು. ಗೋಡೆಯ ಮೇಲಿನ ದರ ನೋಡಿಕೊಂಡು ಕೌಂಟರಿನಲ್ಲಿ ಕೂತು ನಾನು ಕೇಳಿದ್ದು ಪ್ಯಾಕೇಜಿನಲ್ಲಿ ಏನಿದೆ ಎಂದಲ್ಲ, ಏನಿಲ್ಲ ಎಂದು. ಮಗುವಿನ ಬಿಲ್ಲು ಬೇರೆ. ಮಗುವನ್ನು ಘಟಕಕ್ಕೆ ಹಾಕಿದರೆ ದಿನದ ಲೆಕ್ಕ ಬೇರೆ. ರಕ್ತ ಬೇರೆ. ನಾರ್ಮಲ್ ಎಂದು ಶುರುವಾಗಿ ಆಪರೇಷನ್ ಆದರೆ? ಇದನ್ನು ಕೇಳಲೇಬೇಕು, ಯಾಕೆಂದರೆ ಕೆಲವೆಡೆ ಎರಡರ ಬಿಲ್ಲೂ ಸೇರುತ್ತದೆ. ಇಲ್ಲಿ ಆಪರೇಷನ್ ಪ್ಯಾಕೇಜ್ ಒಂದೇ ಹಾಕುತ್ತೇವೆ ಎಂದರು. ಅದನ್ನೇ ಅಂದಾಜು ಪಟ್ಟಿಯ ಮೇಲೆ ಬರೆಸಿ ಸಹಿ ಹಾಕಿಸಿಕೊಂಡೆ. ವಿಮೆ ಇದ್ದವರು ಹೆರಿಗೆಗೆ ಎಷ್ಟು ಮಿತಿ, ಕಾಯುವ ಅವಧಿ ಎಷ್ಟು, ಎರಡನೆಯ ಹೆರಿಗೆಗೂ ಅನ್ವಯಿಸುತ್ತದೆಯೇ ಎಂದು ಪಾಲಿಸಿಯನ್ನೇ ತೆರೆದು ಓದಬೇಕು, ಏಜೆಂಟರ ಮಾತು ಸಾಲದು.

ಇಷ್ಟು ಖರ್ಚು ಮಾಡಲಾಗದವರು ಕೈ ಕಟ್ಟಿ ಕೂರಬೇಕಿಲ್ಲ ಎಂಬುದನ್ನೂ ಹೇಳಬೇಕು. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ, ಊಟ ಎಲ್ಲ ಉಚಿತ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ವೈದ್ಯಕೀಯ ಕಾಲೇಜಿಗೆ ಸೇರಿದ್ದು, ಅಲ್ಲಿ ರಾತ್ರಿಯೂ ಡಾಕ್ಟರುಗಳಿರುತ್ತಾರೆ. ಜನಜಂಗುಳಿ ಹೌದು, ಹಾಸಿಗೆಯ ಪಕ್ಕ ಸೋಫಾ ಇರುವುದಿಲ್ಲ. ನನ್ನ ಎರಡು ಗಂಟೆಯ ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರ ಸಿಗುತ್ತದೆ. ಖಾಸಗಿಯವರನ್ನೂ ಒಂದು ಮಾತು ಕೇಳಿ, "ನಿಮ್ಮ ಕೈ ಮೀರಿದ್ರೆ ಎಲ್ಲಿಗೆ ಕಳಿಸ್ತೀರಿ?" ಎಂದು.

ಮೊದಲನೆಯದು ಹೆಣ್ಣು ಎಂದ ಕೂಡಲೇ "ಈ ಸಲ ಗಂಡಾಗ್ಲಿ" ಎಂದು ಹರಸುವವರು ನಮ್ಮ ಕಡೆ ಬಹಳ. ಹರಕೆ ಅವರ ಬಾಯಿಗೆ ಬಿಟ್ಟದ್ದು. ಆದರೆ ಬಳಗದವರೊಬ್ಬರು ಸ್ಕ್ಯಾನಿಂಗಿನಲ್ಲಿ ಸೂಚನೆ ಕೊಡುವ ಜಾಗ ತಮಗೆ ಗೊತ್ತಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದಾಗ ನಾನು ಅವರನ್ನು ಕಾಫಿ ಮುಗಿಸುವ ಮೊದಲೇ ಎಬ್ಬಿಸಿ ಕಳಿಸಿದೆ. 1994ರ ಕಾನೂನಿನ ಪ್ರಕಾರ ಅದು ಜೈಲಿಗೆ ಹೋಗುವ ಅಪರಾಧ. ಆ ಸೂಚನೆ ಕೊಡುವ ಬಾಗಿಲಿಗೆ ಬೇರೆ ಯಾವ ಕೆಲಸಕ್ಕೂ ಹೋಗಬೇಡಿ.

ಈ ಪತ್ರಿಕೆ ಓದುವ ಪುಟ್ಟ ಓದುಗರಿಗೆ ಸೇರಿದ ವಿಷಯ ಈಗ. ಎರಡನೆಯ ಹೆರಿಗೆಯಲ್ಲಿ ಡಾಕ್ಟರುಗಳ ಫೈಲಿನಲ್ಲಿ ಇಲ್ಲದ ಒಬ್ಬರು ಇರುತ್ತಾರೆ: ಮೊದಲ ಮಗು. ಕೆಲವು ಆಸ್ಪತ್ರೆಗಳು ಸಣ್ಣ ಮಕ್ಕಳನ್ನು ವಾರ್ಡಿನ ಒಳಗೆ ಬಿಡುವುದೇ ಇಲ್ಲ. ನಾವು ಆರಿಸಿದಲ್ಲಿ ಸಂಜೆ ನಾಲ್ಕರಿಂದ ಆರು ಬಿಡುತ್ತಿದ್ದರು, ಶೀತ ಕೆಮ್ಮು ಇಲ್ಲದಿದ್ದರೆ. ಮೊಮ್ಮಗಳು ಅಮ್ಮನ ಸೆರಗು ಹಿಡಿಯದೆ ಮಲಗಿದವಳಲ್ಲ. ಒಂದೂವರೆ ತಿಂಗಳ ಮುಂಚೆಯೇ ನನ್ನಾಕೆ ಅವಳನ್ನು ತನ್ನ ಪಕ್ಕ ಮಲಗಿಸಿಕೊಂಡು ಕಥೆ ಹೇಳಲು ಶುರುಮಾಡಿದಳು. ಮೊದಲ ನಾಲ್ಕು ರಾತ್ರಿ ಅಳು. ಐದನೆಯ ರಾತ್ರಿ "ಅಜ್ಜಿ, ಆನೆ ಕಥೆ" ಎಂದಿತು. ಕೊನೆಯ ಭೇಟಿಗೆ ಅವಳನ್ನೂ ಕರೆದೊಯ್ದು ಅಮ್ಮ ಮಲಗುವ ಕೋಣೆ, ಮಂಚ, ಕಿಟಕಿ ಎಲ್ಲ ತೋರಿಸಿದೆವು. ಮಂಚದ ಹಿಡಿಕೆ ತಿರುಗಿಸಿದರೆ ಮೇಲೆ ಏಳುತ್ತದೆ ಎಂಬುದು ಅವಳಿಗೆ ಬಹಳ ಹಿಡಿಸಿತು.

ನೋವು ಬಂದದ್ದು ಒಂದು ಗುರುವಾರ ಸಂಜೆ, 39 ವಾರ ದಾಟಿ ನಾಲ್ಕು ದಿನಕ್ಕೆ. ದೀಪ ಹಚ್ಚುವ ಹೊತ್ತು. ಹುಡುಗ ಗಾಡಿ ತಂದ, ಪಕ್ಕದ ಗೇಟಿನಿಂದ ಒಳಗೆ ಹೋದೆವು. ಮೊಮ್ಮಗಳು ನನ್ನ ಜೊತೆ ಮನೆಯಲ್ಲಿರಬೇಕೆಂದು ಗೊತ್ತಾಗಿತ್ತು, ಆದರೆ ಅವಳು ಅಜ್ಜಿಯನ್ನು ಬಿಡಲೊಲ್ಲಳು. ಹಾಗಾಗಿ ಆಸ್ಪತ್ರೆಗೆ ನಾನು ಮತ್ತು ನನ್ನ ತಂಗಿ ಹೋದೆವು. ಡಾಕ್ಟರಮ್ಮ ರಾತ್ರಿ ಹನ್ನೊಂದಕ್ಕೆ ಬಂದು ನೋಡಿ, ಚೆನ್ನಾಗಿ ಹೋಗ್ತಿದೆ ಎಂದರು. ಒಂದು ಗಂಟೆಗೂ ಹಾಗೇ ಅಂದರು. ಎರಡೂವರೆಯ ಹೊತ್ತಿಗೆ ಮಗುವಿನ ಎದೆಬಡಿತ ಇಳಿದು ಇಳಿದು ಏರತೊಡಗಿತು. ಅವರು ಹತ್ತು ನಿಮಿಷ ಆ ಕಾಗದದ ಗೆರೆಯನ್ನೇ ನೋಡಿ ಮಗಳ ಹತ್ತಿರ ಬಂದು, "ಸಾಕು" ಎಂದರು.

ನಾನು ಹೊರಗೆ ಬೆಂಚಿನ ಮೇಲಿದ್ದೆ. ಅದೇ ಮಹಡಿಯ ಕೋಣೆಯೊಂದರಿಂದ ಒಬ್ಬ ಹುಡುಗ ಡಾಕ್ಟರು ಕಣ್ಣುಜ್ಜಿಕೊಳ್ಳುತ್ತ, ಚಪ್ಪಲಿ ಬದಲಿಸಿಕೊಂಡು ಆಪರೇಷನ್ ಕೋಣೆಗೆ ಹೋದ. ಎರಡನೆಯ ಬೀಗದಕೈ ಅದೇ ಎಂದು ನನಗೆ ಗೊತ್ತಾಯಿತು. ಗಡಿಯಾರ ನೋಡಿದೆ, 2 ಗಂಟೆ 46 ನಿಮಿಷ. ಮಗುವಿನ ಅಳು ಕೇಳಿದಾಗ 3 ಗಂಟೆ 9. ಹೆಣ್ಣು, ಎರಡು ಕಿಲೋ ಒಂಬೈನೂರು. ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಬಿಗಿಯಾಗಿ ಬಿದ್ದಿತ್ತಂತೆ.

ಬೆಳಿಗ್ಗೆ ಮಗಳಿಗೆ ಎಚ್ಚರವಿತ್ತು. "ಬೇಜಾರಾಯ್ತೇನಮ್ಮ?" ಎಂದೆ. "ಇಲ್ಲಪ್ಪ, ನೋಡಾಯ್ತಲ್ಲ" ಎಂದಳು. ಬೀಗರು ಫೋನ್ ಮಾಡಿ ಹುಟ್ಟಿದ ಗಳಿಗೆ ಕೇಳಿಕೊಂಡರು; ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿ, ನಕ್ಷತ್ರ ಚೆನ್ನಾಗಿಯೇ ಇದೆ ಎಂದು ಹೇಳಿದರು. ಬಿಲ್ಲು ಒಪ್ಪಿದಂತೆಯೇ ಬಂತು, ಒಂದು ಕಡೆ ಕೈಗವಸು ಎರಡು ಸಲ ಸೇರಿದ್ದನ್ನು ತೋರಿಸಿದ್ದಕ್ಕೆ ತೆಗೆದರು.

ಹೊರಡುವ ದಿನ ನಾನು ಡಿಸ್ಚಾರ್ಜ್ ಸಮ್ಮರಿಯ ಜೊತೆ ಆಪರೇಷನ್ನಿನ ಪೂರ್ತಿ ಟಿಪ್ಪಣಿಯ ಪ್ರತಿ ಬೇಕೆಂದೆ. ಕೌಂಟರಿನ ಹುಡುಗಿ, "ಅದನ್ನೆಲ್ಲ ಯಾರೂ ಕೇಳಲ್ಲ ಅಂಕಲ್" ಎಂದಳು. ಡಾಕ್ಟರಮ್ಮ ಏನೂ ಕೇಳದೆ ಸಹಿ ಹಾಕಿಕೊಟ್ಟರು. ಅದು ಈಗ ತಾಯಿ ಕಾರ್ಡಿನ ಜೊತೆ ನಮ್ಮ ಬೀರುವಿನಲ್ಲಿದೆ, ಎರಡು ಪ್ರತಿ.

ಮಗುವಿಗೆ ಇನ್ನೂ ಹೆಸರಾಗಿಲ್ಲ. ಜನನ ನೋಂದಣಿಗೆ 21 ದಿನ ಇದೆ, ಹೆಸರಿಲ್ಲದೆಯೂ ನೋಂದಾಯಿಸಿ ಆಮೇಲೆ ಸೇರಿಸಬಹುದು. ಅಕ್ಕನಾದವಳು ಒಂದು ಹೆಸರು ಸೂಚಿಸಿದ್ದಾಳೆ, ಅದು ಪಕ್ಕದ ಮನೆಯ ಬೆಕ್ಕಿನದು. ಮಾತುಕತೆ ನಡೆಯುತ್ತಿದೆ.